ಹಕ್ಕಿನ ಪತ್ರವೂ ಹಕ್ಕಿನ ಪ್ರಾಪ್ತಿಯೂ

ಪ್ರತಿವರ್ಷ ಡಿಸೆಂಬರ್ ತಿಂಗಳ ೧೦ನೆಯ ತಾರೀಖು ಬಂದೊಡನೆ ನಮ್ಮ ನಗರಗಳ ಸಭಾಗೃಹಗಳಲ್ಲಿ ಮಾನವ ಹಕ್ಕುಗಳ ದಿನಾಚರಣೆಯು ಯಥಾಕ್ರಮವಾಗಿ ನೆರವೇರುತ್ತದೆ. ಸ್ವಾಗತ, ಪ್ರತಿಜ್ಞಾಸ್ವೀಕಾರ, ಅಧ್ಯಕ್ಷಭಾಷಣ, ವಂದನಾರ್ಪಣೆ ಇವೆಲ್ಲವೂ ಮುಗಿದು ಸಭಿಕರು ಮನೆಗೆ ಮರಳಿದ ಮೇಲೆ, ೧೯೪೮ರಲ್ಲಿ ಪ್ಯಾರಿಸ್ ನಗರದಲ್ಲಿ ಅಂಗೀಕೃತವಾದ ಆ ಘೋಷಣೆಯಿಂದ ನಮ್ಮ ಊರಿನ ಠಾಣೆಯಲ್ಲಾಗಲಿ, ಕಚೇರಿಯಲ್ಲಾಗಲಿ, ಸೆರೆಮನೆಯಲ್ಲಾಗಲಿ ಯಾವ ವ್ಯತ್ಯಾಸವುಂಟಾಗಿದೆಯೆಂದು ವಿಚಾರಿಸುವವರು ವಿರಳ. ಆ ವಿಚಾರಣೆಯನ್ನು ನಾವಾದರೂ ಮಾಡೋಣ. ವಿಷಯವು ಕೇವಲ ಪಂಡಿತರ ಚರ್ಚೆಗೆ ಸೇರಿದುದಲ್ಲ. ಅರ್ಜಿಯನ್ನು ಹಿಡಿದು ಬಾಗಿಲಲ್ಲಿ ನಿಂತವನಿಗೂ, ಒಳಗೆ ಮೇಜಿನ ಹಿಂದೆ ಕುಳಿತವನಿಗೂ ಸಮಾನವಾಗಿ ಸಂಬಂಧಿಸಿದುದು.

ಹಕ್ಕುಗಳ ಘೋಷಣೆಗಳ ಬಗ್ಗೆ ವಿದ್ಯಾವಂತರಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರು ಪತ್ರವನ್ನೇ ಪೂಜಿಸುವವರು. ಉದಾತ್ತವಾದ ವಾಕ್ಯಗಳನ್ನು ಬರೆದು ಸಹಿ ಹಾಕಿದೊಡನೆ ಮನುಷ್ಯನ ಸಂಕೋಲೆಗಳು ತಾವಾಗಿಯೇ ಕಳಚಿ ಬೀಳುವುವೆಂದು ಅವರು ನಂಬುತ್ತಾರೆ. ಇನ್ನೊಂದು ಪಕ್ಷದವರು ಪತ್ರವನ್ನು ಪರಿಹಾಸ ಮಾಡುವವರು. ಇವೆಲ್ಲ ಕನ್ನಡಿಯೊಳಗಿನ ಗಂಟು, ಕಣ್ಣಿಗೆ ಕಾಣುವುದೇ ಹೊರತು ಕೈಗೆ ಸಿಕ್ಕುವುದಲ್ಲವೆಂದು ಅವರು ನಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ಉಭಯ ಪಕ್ಷಗಳೂ ಚರಿತ್ರೆಯನ್ನು ಅರ್ಧ ಮಾತ್ರ ಓದಿದಂಥವು. ಹಕ್ಕಿನ ಘೋಷಣೆಯು ಒಂದು ಹುಂಡಿಯಂತೆ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಅದು ಬರಿಯ ಕಾಗದ. ಅದನ್ನು ತಂದು ಕೊಟ್ಟು ಹಣ ಕೇಳುವವನೊಬ್ಬನು ಬೇಕು. ಕೇಳಿದೊಡನೆ ಎಣಿಸಿಕೊಡಲೇಬೇಕಾದ ಅಂಗಡಿಯೊಂದು ಬೇಕು. ಅಂಗಡಿಯವನು ಇಲ್ಲವೆಂದರೆ ದಾವೆ ಹೂಡಲು ನ್ಯಾಯಸ್ಥಾನವೊಂದು ಬೇಕು. ಈ ಮೂರೂ ಕೂಡಿದಲ್ಲಿ ಹಕ್ಕು ಜೀವಂತವಾಗುತ್ತದೆ. ಒಂದು ತಪ್ಪಿದರೂ ಮೂರ್ಛೆ ಹೋಗುತ್ತದೆ.

ಹಕ್ಕುಪತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ೧೨೧೫ರಿಂದ ತೊಡಗುತ್ತಾರೆ. ಇಂಗ್ಲೆಂಡಿನ ಜಾನ್ ದೊರೆಯು ತನ್ನ ಸಾಮಂತರ ಬಲಕ್ಕೆ ಮಣಿದು ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ ಮಹಾಸನದಿಗೆ, ಎಂದರೆ ಮ್ಯಾಗ್ನಾ ಕಾರ್ಟಾಕ್ಕೆ, ಮುದ್ರೆಯೊತ್ತಿಸಿದನು. ಸ್ವತಂತ್ರನಾದ ಯಾವ ಮನುಷ್ಯನನ್ನೂ ಅವನ ಸಮಾನರ ತೀರ್ಪಿಲ್ಲದೆ ಅಥವಾ ದೇಶದ ಕಾಯಿದೆಯ ಆಧಾರವಿಲ್ಲದೆ ಸೆರೆ ಹಿಡಿಯಲಾಗದೆಂಬುದು ಅದರ ಪ್ರಸಿದ್ಧವಾದ ವಿಧಿ. ಆದರೆ 'ಸ್ವತಂತ್ರನಾದ' ಎಂಬ ಆ ವಿಶೇಷಣವನ್ನು ವಾಚಕರು ಗಮನಿಸಬೇಕು. ಆ ಕಾಲದ ಇಂಗ್ಲೆಂಡಿನಲ್ಲಿ ಭೂಮಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ಅಸಂಖ್ಯ ರೈತರು ಆ ಶಬ್ದದ ಹೊರಗೇ ಉಳಿದರು. ಅದೂ ಸಾಲದೆಂಬಂತೆ ಹತ್ತು ವಾರಗಳೊಳಗಾಗಿ ಪೋಪ್ ಗುರುವು ಆ ಸನದನ್ನೇ ಅಸಿಂಧುವೆಂದು ಸಾರಿದನು. ಆಗಲೇ ಅದರ ಕಥೆ ಮುಗಿಯಿತೆಂದು ಯಾರಾದರೂ ಹೇಳಿದ್ದರೆ ತಪ್ಪೆನ್ನುವಂತಿರಲಿಲ್ಲ. ಆದರೂ ನಾಲ್ಕು ಶತಮಾನಗಳ ತರುವಾಯ ಎಡ್ವರ್ಡ್ ಕೋಕ್ ಮೊದಲಾದ ನ್ಯಾಯವಾದಿಗಳು ಅದೇ ಪತ್ರದ ಧೂಳು ಕೊಡವಿ ಸ್ಟುವರ್ಟ್ ದೊರೆಗಳ ಮುಂದೆ ಹಿಡಿದರು. ೧೬೨೮ರ ಹಕ್ಕುಗಳ ಮನವಿಯೂ ೧೬೮೯ರ ಹಕ್ಕುಗಳ ಕಾಯಿದೆಯೂ ಅದರ ಸಂತತಿಯಾಗಿ ಹುಟ್ಟಿಬಂದುವು.

ಮುಂದಿನ ಶತಮಾನದಲ್ಲಿ ಭಾಷೆಯು ಇನ್ನೂ ವಿಶಾಲವಾಯಿತು. ೧೭೭೬ರಲ್ಲಿ ಅಮೇರಿಕೆಯ ವಸಾಹತುಗಳು ಸರ್ವ ಮನುಷ್ಯರೂ ಸಮಾನರಾಗಿ ಸೃಷ್ಟಿಸಲ್ಪಟ್ಟವರೆಂದು ಲೋಕಕ್ಕೆ ಸಾರಿದುವು. ಆ ವಾಕ್ಯವನ್ನು ರಚಿಸಿದ ಜೆಫರ್ಸನ್ನನ ತೋಟದಲ್ಲಿ ಗುಲಾಮರು ಉಳುತ್ತಲೇ ಇದ್ದರು. ೧೭೮೯ರ ಆಗಸ್ಟ್ ೨೬ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆಯು ೧೭ ವಿಧಿಗಳ ಹಕ್ಕುಘೋಷಣೆಯನ್ನು ಅಂಗೀಕರಿಸಿತು. ಸ್ತ್ರೀಯರು ಆ ಘೋಷಣೆಯ 'ಮನುಷ್ಯ' ಶಬ್ದದಲ್ಲಿ ಸೇರಿರಲಿಲ್ಲ. ಸಮುದ್ರದಾಚೆಯ ಫ್ರೆಂಚ್ ದ್ವೀಪಗಳ ಕಬ್ಬಿನ ತೋಟದ ಗುಲಾಮರೂ ಸೇರಿರಲಿಲ್ಲ.

ಆದರೆ ಹೊರಗಿಡಲ್ಪಟ್ಟವರು ಸುಮ್ಮನಿರಲಿಲ್ಲವೆಂಬುದೇ ಈ ಚರಿತ್ರೆಯ ಸಾರ. ಒಲಿಂಪ್ ದ ಗೂಜ್ ಎಂಬ ಲೇಖಕಿಯು ೧೭೯೧ರಲ್ಲಿ ಸ್ತ್ರೀಯ ಹಕ್ಕುಗಳ ಘೋಷಣೆಯನ್ನು ಬರೆದು, ಪುರುಷರು ತಮಗಾಗಿ ಬರೆದುಕೊಂಡ ಪ್ರತಿಯೊಂದು ವಿಧಿಗೂ ಎದುರುವಿಧಿಯನ್ನು ಇರಿಸಿದಳು. ೧೭೯೩ರಲ್ಲಿ ಕ್ರಾಂತಿಕಾರರ ಸರಕಾರವು ಆಕೆಯ ತಲೆಯನ್ನು ತೆಗೆಯಿಸಿತು. ಫ್ರಾನ್ಸಿನ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆತುದು ೧೯೪೪ರಲ್ಲಿ. ಸಾಂ ದೊಮಿಂಗ್ ದ್ವೀಪದ ಗುಲಾಮರು ೧೭೯೧ರಲ್ಲಿ ದಂಗೆಯೆದ್ದು, ಪ್ಯಾರಿಸಿನ ಪತ್ರದಲ್ಲಿ ಬರೆದುದು ತಮಗೂ ಸಲ್ಲಬೇಕೆಂದು ಹಟ ಹಿಡಿದರು. ೧೭೯೪ರಲ್ಲಿ ಫ್ರಾನ್ಸ್ ಗುಲಾಮಗಿರಿಯನ್ನು ರದ್ದು ಮಾಡಿತು. ೧೮೦೨ರಲ್ಲಿ ನೆಪೋಲಿಯನ್ನನು ಅದನ್ನು ಮರಳಿ ಸ್ಥಾಪಿಸಿದನು. ೧೮೦೪ರ ಜನವರಿ ಒಂದರಂದು ಆ ದ್ವೀಪದವರು ಹೈಟಿ ಎಂಬ ಸ್ವತಂತ್ರ ರಾಷ್ಟ್ರವನ್ನೇ ಕಟ್ಟಿದರು. ಪತ್ರವನ್ನು ಬರೆದವರು ತಮ್ಮವರಿಗಾಗಿ ಮಾತ್ರ ಬರೆದಿದ್ದರು. ಅದನ್ನು ಸರ್ವರದನ್ನಾಗಿ ಮಾಡಿದವರು ಪತ್ರದಲ್ಲಿ ಹೆಸರಿಲ್ಲದವರು. ಘೋಷಣೆಗಳನ್ನು ಕಪಟವೆಂದು ತಳ್ಳಿಬಿಡುವ ಬುದ್ಧಿವಂತರು ಇದನ್ನು ಮರೆಯುತ್ತಾರೆ. ದೊಡ್ಡ ಮಾತನ್ನಾಡಿದವನು ಆ ಮಾತಿಗೆ ಕಟ್ಟುಬೀಳುತ್ತಾನೆ. ಆಡದೆಯೇ ಇದ್ದವನನ್ನು ಯಾವ ಮಾತಿನಿಂದ ಹಿಡಿಯಬಹುದು?

ಪರಿಹಾಸದ ಪಕ್ಷದಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಇಂಗ್ಲಿಷ್ ತತ್ತ್ವಜ್ಞನಾದ ಬೆಂಥಮ್ಮನು ಫ್ರೆಂಚರ ಘೋಷಣೆಯನ್ನು ಕಟುವಾಗಿ ಖಂಡಿಸಿದನು. ಕಾಯಿದೆಯಿಲ್ಲದೆ ಹಕ್ಕೆಂಬುದಿಲ್ಲ, ಹಸಿವೆಂಬುದು ಅನ್ನವಲ್ಲ, ಹಕ್ಕು ಬೇಕೆಂಬ ಕಾರಣವು ಹಕ್ಕಲ್ಲ ಎಂಬುದು ಅವನ ವಾದದ ಸಾರಾಂಶ. ಈ ವಾದವನ್ನು ಪ್ರಾಮಾಣಿಕನು ಆಡಿದರೆ ಒಳ್ಳೆಯ ಕಾಯಿದೆಯನ್ನು ಮಾಡಿರೆಂದು ಅರ್ಥವಾಗುತ್ತದೆ. ಅಧಿಕಾರಾರೂಢನು ಆಡಿದರೆ ಹಕ್ಕನ್ನು ಕೇಳಬೇಡಿರೆಂದು ಅರ್ಥವಾಗುತ್ತದೆ. ಎರಡನೆಯದನ್ನು ನಮ್ಮ ದೇಶವು ಕಣ್ಣಾರೆ ಕಂಡಿದೆ. ೧೯೨೫ರ ಕಾಮನ್‌ವೆಲ್ತ್ ಆಫ್ ಇಂಡಿಯಾ ಮಸೂದೆಯಲ್ಲಿಯೂ, ೧೯೨೮ರಲ್ಲಿ ಮೋತಿಲಾಲ ನೆಹರೂ ಅವರ ಅಧ್ಯಕ್ಷತೆಯ ಸಮಿತಿಯು ಸಿದ್ಧಪಡಿಸಿದ ವರದಿಯಲ್ಲಿಯೂ ಭಾರತೀಯರು ಮೂಲಭೂತ ಹಕ್ಕುಗಳ ಪಟ್ಟಿಯನ್ನು ಮುಂದಿಟ್ಟರು. ೧೯೩೦ರ ಸೈಮನ್ ಕಮಿಷನ್ನಿನ ವರದಿಯು, ಜಾರಿಗೆ ತರುವ ಇಚ್ಛೆಯೂ ಸಾಧನವೂ ಇಲ್ಲದಿದ್ದಲ್ಲಿ ಇಂಥ ಘೋಷಣೆಗಳು ನಿರರ್ಥಕವೆಂದು ಅದನ್ನು ನಿರಾಕರಿಸಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ರೌಲಟ್ ಕಾಯಿದೆಯನ್ನು ೧೯೧೯ರಲ್ಲಿ ಮಾಡಿದ ಸರಕಾರದಲ್ಲಿ ಆ ಇಚ್ಛೆಯು ಎಲ್ಲಿಂದ ಬರಬೇಕಾಗಿತ್ತು? ೧೯೩೧ರ ಮಾರ್ಚಿನಲ್ಲಿ ಕರಾಚಿಯಲ್ಲಿ ಸರದಾರ ಪಟೇಲರ ಅಧ್ಯಕ್ಷತೆಯಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನವು ಮೂಲಭೂತ ಹಕ್ಕುಗಳ ಠರಾವನ್ನು ಅಂಗೀಕರಿಸಿ ಅದಕ್ಕೆ ಉತ್ತರ ಕೊಟ್ಟಿತು. ಜೀವನಕ್ಕೆ ಸಾಕಾಗುವ ಕೂಲಿ, ಉಚಿತವಾದ ಪ್ರಾಥಮಿಕ ಶಿಕ್ಷಣ, ಸ್ತ್ರೀಪುರುಷ ಸಮಾನತೆ ಇವು ಆ ಠರಾವಿನಲ್ಲಿ ಸೇರಿದ್ದುವೆಂಬುದನ್ನು, ಹಕ್ಕೆಂದರೆ ಕೇವಲ ಮಾತನಾಡುವ ಸ್ವಾತಂತ್ರ್ಯವೆಂದು ತಿಳಿದವರು ನೆನೆಯಬೇಕು.

ಆದರೆ ಪತ್ರಕ್ಕೂ ಪ್ರಾಪ್ತಿಗೂ ಇರುವ ಅಂತರವನ್ನು ತಿಳಿಯಲು ವಿದೇಶೀಯರನ್ನು ಮಾತ್ರ ನೋಡಬೇಕಾಗಿಲ್ಲ. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳು ಯಾವ ಮುಂಬಯಿ ಪ್ರಾಂತಕ್ಕೆ ಸೇರಿದ್ದುವೋ ಅದೇ ಪ್ರಾಂತದ ಮಹಾಡವೆಂಬ ಪಟ್ಟಣದ ಚರಿತ್ರೆ ಸಾಕು. ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆಯಬೇಕೆಂಬ ಬೋಲೆಯವರ ಠರಾವನ್ನು ೧೯೨೩ರಲ್ಲಿ ಪ್ರಾಂತದ ಶಾಸನಸಭೆಯು ಒಪ್ಪಿತು. ೧೯೨೪ರಲ್ಲಿ ಮಹಾಡದ ಪುರಸಭೆಯೂ ತನ್ನ ಚವದಾರ ಕೆರೆಯು ಸರ್ವರಿಗೂ ತೆರೆದಿದೆಯೆಂದು ಬರೆದಿಟ್ಟಿತು. ಪುಸ್ತಕದಲ್ಲಿ ಕೆರೆಯು ತೆರೆದಿತ್ತು, ದಂಡೆಯಲ್ಲಿ ಮುಚ್ಚಿತ್ತು. ೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡಕರರು ಸಹಸ್ರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಕುಡಿದರು. ತತ್ಪರಿಣಾಮವಾಗಿ ಅವರ ಜನರಿಗೆ ಏಟುಗಳು ಬಿದ್ದುವು. ಕೆರೆಗೆ ಶುದ್ಧಿಯ ವಿಧಿಗಳು ನಡೆದುವು. ಅದೇ ವರ್ಷ ಡಿಸೆಂಬರಿನಲ್ಲಿ ಮರಳಿ ಕೂಡಿದ ಪರಿಷತ್ತಿನಲ್ಲಿ ಅವರು ೧೭೮೯ರ ಫ್ರಾನ್ಸಿನ ರಾಷ್ಟ್ರೀಯ ಸಭೆಯನ್ನು ಸ್ಮರಿಸಿ, ಮನುಷ್ಯರ ಜನ್ಮಸಿದ್ಧ ಸಮಾನತೆಯನ್ನು ಸಾರುವ ಠರಾವನ್ನು ಮಂಡಿಸಿದರು. ಆ ವೇಳೆಗೆ ಎದುರಾಳಿಗಳು ಕೋರ್ಟಿನ ತಡೆಯಾಜ್ಞೆಯನ್ನು ತಂದಿದ್ದರು. ಅಂಬೇಡಕರರು ಆಜ್ಞೆಯನ್ನು ಮೀರದೆ ಮೊಕದ್ದಮೆಯನ್ನು ನಡೆಯಿಸಿದರು. ಮುಂಬಯಿ ಹೈಕೋರ್ಟಿನ ಅಂತಿಮ ತೀರ್ಪು ಬಂದುದು ೧೯೩೭ರ ಮಾರ್ಚಿನಲ್ಲಿ. ಒಂದು ಬೊಗಸೆ ನೀರಿನ ಹಕ್ಕು ಠರಾವಿನಿಂದ ತೀರ್ಪಿನವರೆಗೆ ಬರಲು ಹದಿಮೂರು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯಿತು. ಹುಂಡಿಯೂ ಇತ್ತು, ಅಂಗಡಿಯೂ ಇತ್ತು. ತಂದು ಹಿಡಿದು ಕೇಳುವ ಧೈರ್ಯವಂತರು ಬಂದ ಮೇಲಷ್ಟೆ ಅದಕ್ಕೆ ಬೆಲೆ ಬಂದಿತು.

ಈ ಅನುಭವವುಳ್ಳ ಮನುಷ್ಯನೇ ಮುಂದೆ ರಾಜ್ಯಘಟನೆಯ ಕರಡು ಸಮಿತಿಯ ಅಧ್ಯಕ್ಷರಾದುದು ನಮ್ಮ ಭಾಗ್ಯ. ಎರಡು ತಾರೀಖುಗಳನ್ನು ಇಲ್ಲಿ ಜೊತೆಯಾಗಿ ನೋಡಬೇಕು. ೧೯೪೮ರ ಡಿಸೆಂಬರ್ ೧೦ರಂದು ಪ್ಯಾರಿಸಿನ ಪಾಲೆ ದ ಶಾಯ್ಯೋ ಭವನದಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ ಮಹಾಸಭೆಯು ೩೦ ವಿಧಿಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ ೪೮ ಮತಗಳು, ವಿರುದ್ಧವಾಗಿ ಒಂದೂ ಇಲ್ಲ, ತಟಸ್ಥರಾದವರು ಎಂಟು. ರಷ್ಯವೂ ಅದರ ಜೊತೆಯ ರಾಷ್ಟ್ರಗಳೂ, ಸೌದಿ ಅರೇಬಿಯವೂ, ವರ್ಣಭೇದದ ಸರಕಾರವಿದ್ದ ದಕ್ಷಿಣ ಆಫ್ರಿಕವೂ ಆ ಎಂಟರಲ್ಲಿ ಸೇರಿದ್ದುವು. ಭಾರತವು ಪರವಾಗಿ ಮತವಿತ್ತಿತು. ಮತವಿತ್ತುದಷ್ಟೇ ಅಲ್ಲ, ಮೊದಲನೆಯ ವಿಧಿಯ ಕರಡಿನಲ್ಲಿದ್ದ 'ಸಕಲ ಪುರುಷರು' ಎಂಬರ್ಥದ ಇಂಗ್ಲಿಷ್ ಶಬ್ದವನ್ನು ತೆಗೆಸಿ 'ಸಕಲ ಮಾನವರು' ಎಂದಾಗಲು ಕಾರಣರಾದವರು ಭಾರತದ ಪ್ರತಿನಿಧಿಯಾಗಿದ್ದ ಶ್ರೀಮತಿ ಹಂಸಾ ಮೆಹತಾ ಅವರು. ಒಲಿಂಪ್ ದ ಗೂಜ್ ಪ್ರಾಣತೆತ್ತ ಪ್ರಶ್ನೆಗೆ ನೂರೈವತ್ತೇಳು ವರ್ಷಗಳ ತರುವಾಯ ಒಂದು ಶಬ್ದದಲ್ಲಿ ಉತ್ತರ ದೊರೆಯಿತು; ಆ ಉತ್ತರವು ನಮ್ಮ ದೇಶದ ಮಹಿಳೆಯಿಂದ ಬಂದಿತು.

ಅದರ ಹಿಂದಿನ ದಿನ, ಎಂದರೆ ಡಿಸೆಂಬರ್ ೯ರಂದು, ದಿಲ್ಲಿಯ ನಮ್ಮ ಘಟನಾಸಭೆಯಲ್ಲಿ ಈಗಿನ ೩೨ನೆಯ ವಿಧಿಯ ಚರ್ಚೆ ನಡೆದಿತ್ತು. ಮೂಲಭೂತ ಹಕ್ಕಿಗೆ ಭಂಗ ಬಂದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕನ್ನು ಪ್ರಜೆಗೆ ಕೊಡುವ ವಿಧಿಯಿದು. ಯಾವ ಒಂದು ವಿಧಿಯಿಲ್ಲದಿದ್ದರೆ ಇಡೀ ಘಟನೆಯೇ ಶೂನ್ಯವಾಗುವುದೆಂದು ತಮ್ಮನ್ನು ಕೇಳಿದರೆ ಇದನ್ನೇ ತೋರಿಸುವೆನೆಂದೂ, ಇದು ಘಟನೆಯ ಆತ್ಮವೂ ಹೃದಯವೂ ಆಗಿದೆಯೆಂದೂ ಅಂಬೇಡಕರರು ಅಂದು ನುಡಿದರು. ಪ್ಯಾರಿಸಿನ ಪತ್ರಕ್ಕೂ ದಿಲ್ಲಿಯ ವಿಧಿಗೂ ಇರುವ ಭೇದವು ಇಲ್ಲಿಯೇ ಇದೆ. ಪ್ಯಾರಿಸಿನ ಘೋಷಣೆಯು ಯಾವ ಸರಕಾರವನ್ನೂ ಕಾಯಿದೆಯಿಂದ ಕಟ್ಟಿಹಾಕುವುದಾಗಿರಲಿಲ್ಲ. ಅದನ್ನು ಕರಾರುಗಳ ರೂಪಕ್ಕೆ ತರಲು ೧೯೬೬ರವರೆಗೂ, ಆ ಕರಾರುಗಳು ಜಾರಿಗೆ ಬರಲು ೧೯೭೬ರವರೆಗೂ ಕಾಯಬೇಕಾಯಿತು. ಭಾರತವು ಅವುಗಳಿಗೆ ಸೇರಿದುದು ೧೯೭೯ರಲ್ಲಿ. ದಿಲ್ಲಿಯ ವಿಧಿಯಾದರೋ ೧೯೫೦ರ ಜನವರಿ ೨೬ರಿಂದಲೇ ನ್ಯಾಯಸ್ಥಾನದ ಬಾಗಿಲನ್ನು ಹೆಸರಿಟ್ಟು ತೋರಿಸಿತು.

ಆದರೆ ಬಾಗಿಲೂ ಮುಚ್ಚಬಹುದೆಂಬುದನ್ನು ನಾವು ಒಮ್ಮೆ ಅನುಭವಿಸಿದ್ದೇವೆ. ೧೯೭೫ರ ಜೂನಿನಲ್ಲಿ ತುರ್ತುಪರಿಸ್ಥಿತಿಯನ್ನು ಸಾರಿದಾಗ ವಾಜಪೇಯಿ, ಆಡವಾಣಿ, ಮಧು ದಂಡವತೆ ಮೊದಲಾದವರು ಬೆಂಗಳೂರಿನ ಸೆರೆಮನೆಯಲ್ಲಿದ್ದು ಕರ್ನಾಟಕದ ಹೈಕೋರ್ಟಿನ ಮೊರೆ ಹೊಕ್ಕರು. ಇಂಥ ಅರ್ಜಿಗಳನ್ನು ಕೇಳುವ ಅಧಿಕಾರ ತಮಗಿದೆಯೆಂದು ನಮ್ಮ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ನಿರ್ಣಯಿಸಿದುವು. ೧೯೭೬ರ ಏಪ್ರಿಲ್ ೨೮ರಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಆ ನಿರ್ಣಯಗಳನ್ನು ಹೊಡೆದುಹಾಕಿ, ಸೆರೆಯಾದವನಿಗೆ ಆ ಕಾಲದಲ್ಲಿ ಕೋರ್ಟಿಗೆ ಹೋಗುವ ಹಕ್ಕೇ ಇಲ್ಲವೆಂದರು. ಒಬ್ಬರೇ ಒಬ್ಬರು, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು, ಒಪ್ಪಲಿಲ್ಲ. ಮುಂದಿನ ವರ್ಷ ಅವರ ಜ್ಯೇಷ್ಠತೆಯನ್ನು ಕಡೆಗಣಿಸಿ ಮತ್ತೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯ ಸ್ಥಾನದಲ್ಲಿ ಕೂರಿಸಲಾಯಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಜಾರಿಯನ್ನು ತುರ್ತುಕಾಲದಲ್ಲಿಯೂ ತಡೆಯಲಾಗದಂತೆ ೧೯೭೮ರ ೪೪ನೆಯ ತಿದ್ದುಪಡಿಯು ಭದ್ರಪಡಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ೧೯೭೬ರ ಆ ತೀರ್ಪನ್ನು ಅಧಿಕೃತವಾಗಿ ತಳ್ಳಿಹಾಕಿತು. ಮಾತು ಪತ್ರದಲ್ಲಿ ಹಾಗೆಯೇ ಉಳಿದಿರುವಾಗಲೂ ಪರಿಹಾರದ ದಾರಿಯನ್ನು ಕಟ್ಟಿದರೆ ಹಕ್ಕು ಇಲ್ಲವಾಗುತ್ತದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಇನ್ನು, ಕಾಲಕ್ರಮದಲ್ಲಿ ಪತ್ರವು ಪ್ರಾಪ್ತಿಯಾಗಿ ಮಾರ್ಪಟ್ಟ ಒಂದು ಉದಾಹರಣೆಯನ್ನು ನೋಡೋಣ. ಶಿಕ್ಷಣವು ಸರ್ವರ ಹಕ್ಕೆಂದು ಪ್ಯಾರಿಸ್ ಘೋಷಣೆಯ ೨೬ನೆಯ ವಿಧಿಯು ಹೇಳಿತು. ನಮ್ಮ ಘಟನೆಯ ೪೫ನೆಯ ವಿಧಿಯು ಹತ್ತು ವರ್ಷಗಳೊಳಗೆ ಹದಿನಾಲ್ಕು ವಯಸ್ಸಿನವರೆಗಿನ ಮಕ್ಕಳಿಗೆಲ್ಲ ಉಚಿತ ಶಿಕ್ಷಣ ಕೊಡಲು ಸರಕಾರವು ಯತ್ನಿಸಬೇಕೆಂದಿತು. ಆದರೆ ಅದು ನಿರ್ದೇಶಕ ತತ್ತ್ವವಾದುದರಿಂದ ಕೋರ್ಟಿನಲ್ಲಿ ಕೇಳಿ ಪಡೆಯುವಂತಿರಲಿಲ್ಲ. ಹತ್ತು ವರ್ಷಗಳು ನಾಲ್ವತ್ತಾದುವು. ಆಗ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ವರ್ಷಕ್ಕೆ ೬೦,೦೦೦ ರೂಪಾಯಿ ಶುಲ್ಕವನ್ನು ತೆರಲಾರದೆ ಹೋದ ಪರಪ್ರಾಂತದ ವಿದ್ಯಾರ್ಥಿನಿಯೊಬ್ಬಳ ಅರ್ಜಿಯಿಂದಾಗಿ ಪ್ರಶ್ನೆಯು ಸುಪ್ರೀಂ ಕೋರ್ಟನ್ನು ಮುಟ್ಟಿತು. ಮೋಹಿನಿ ಜೈನ್ ಮೊಕದ್ದಮೆಯೆಂದು ಪ್ರಸಿದ್ಧವಾದ ಅದರಲ್ಲಿ ಶಿಕ್ಷಣವೂ ಜೀವಿಸುವ ಹಕ್ಕಿನ ಅಂಗವೆಂದು ೧೯೯೨ರಲ್ಲಿ ತೀರ್ಪಾಯಿತು. ಮರುವರ್ಷದ ಮತ್ತೊಂದು ತೀರ್ಪು ಆ ಹಕ್ಕನ್ನು ಹದಿನಾಲ್ಕು ವಯಸ್ಸಿನವರೆಗೆಂದು ಮಿತಿಗೊಳಿಸಿ ಗಟ್ಟಿಮಾಡಿತು, ೨೦೦೨ರಲ್ಲಿ ಘಟನೆಗೆ ತಿದ್ದುಪಡಿಯಾಯಿತು, ೨೦೦೯ರಲ್ಲಿ ಕಾಯಿದೆಯಾಯಿತು, ೨೦೧೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂದಿತು. ಹತ್ತು ವರ್ಷದ ಮಾತನ್ನು ನಡೆಯಿಸಲು ಅರುವತ್ತು ವರ್ಷ ಹಿಡಿಯಿತೆಂದು ನಾಚಬೇಕು, ನಿಜ. ಆದರೆ ೧೯೪೮ರಲ್ಲಿ ಆ ಮಾತನ್ನೇ ಬರೆಯದಿದ್ದರೆ ೧೯೯೨ರಲ್ಲಿ ಕೇಳುವುದಕ್ಕೆ ಆಧಾರವೇನಿರುತ್ತಿತ್ತು?

ಎಲ್ಲ ಮಾತುಗಳೂ ಹೀಗೆ ನಡೆದಿಲ್ಲ. ಅಸ್ಪೃಶ್ಯತೆಯನ್ನು ೧೭ನೆಯ ವಿಧಿಯು ೧೯೫೦ರಲ್ಲಿಯೇ ರದ್ದು ಮಾಡಿತು. ಮಲವನ್ನು ಕೈಯಿಂದ ಬಳಿಯಿಸುವುದನ್ನು ನಿಷೇಧಿಸುವ ಕಾಯಿದೆಯು ೧೯೯೩ರಲ್ಲಿ ಬಂದಿತು. ಅದಕ್ಕಿಂತ ಬಲವಾದುದು ೨೦೧೩ರಲ್ಲಿ ಬಂದಿತು. ಈ ಕೆಲಸದ ವಿರುದ್ಧ ದೇಶವ್ಯಾಪಿಯಾದ ಆಂದೋಲನವನ್ನು ಕಟ್ಟಿದವರಲ್ಲಿ ಅಗ್ರಗಣ್ಯರಾದ ಬೆಜವಾಡ ವಿಲ್ಸನ್ನರು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದವರು. ಅವರ ಆಂದೋಲನವು ಹೂಡಿದ ಮೊಕದ್ದಮೆಯಲ್ಲಿ ೨೦೧೪ರಲ್ಲಿ ಸುಪ್ರೀಂ ಕೋರ್ಟು, ಒಳಚರಂಡಿಯಲ್ಲಿ ಇಳಿದು ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ವಿಧಿಸಿತು. ೨೦೨೩ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂದುದೇ ಸಾವುಗಳು ನಿಂತಿಲ್ಲವೆಂಬುದಕ್ಕೆ ಸಾಕ್ಷಿಯಲ್ಲವೆ? ಘಟನೆಯ ವಿಧಿ, ಎರಡು ಕಾಯಿದೆಗಳು, ಉಚ್ಚತಮ ನ್ಯಾಯಸ್ಥಾನದ ಆಜ್ಞೆ ಇಷ್ಟೂ ಇದ್ದು, ನಗರಸಭೆಯ ಗುತ್ತಿಗೆದಾರನು ಯಂತ್ರವನ್ನು ತರಿಸುವ ಬದಲು ಮನುಷ್ಯನನ್ನು ಇಳಿಸಿದರೆ, ಅಲ್ಲಿ ಹಕ್ಕು ಸೋತದ್ದು ಪ್ಯಾರಿಸಿನಲ್ಲಿಯೂ ಅಲ್ಲ, ದಿಲ್ಲಿಯಲ್ಲಿಯೂ ಅಲ್ಲ; ನಮ್ಮ ಬೀದಿಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಸೆರೆಮನೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ೨೦೨೨ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ ಪ್ರತಿ ನೂರು ಜನರಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ಜನರು ಇನ್ನೂ ಅಪರಾಧಿಗಳೆಂದು ತೀರ್ಪಾಗದ, ವಿಚಾರಣೆಯನ್ನು ಕಾಯುತ್ತಿದ್ದವರು. ಅಪರಾಧ ಸಿದ್ಧವಾಗುವವರೆಗೆ ಪ್ರತಿಯೊಬ್ಬನೂ ನಿರಪರಾಧಿಯೆಂದು ಪ್ಯಾರಿಸ್ ಘೋಷಣೆಯ ೧೧ನೆಯ ವಿಧಿಯು ಹೇಳುತ್ತದೆ. ೨೦೨೪ರ ಜುಲೈ ಒಂದರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೭೯ನೆಯ ಕಲಮಿನಂತೆ, ಹಿಂದೆ ಶಿಕ್ಷೆಯಾಗದಿದ್ದ ಮೊದಲ ಬಾರಿಯ ಆರೋಪಿಯು, ಮರಣದಂಡನೆ ಅಥವಾ ಆಜೀವ ಸೆರೆಯ ಅಪರಾಧವಲ್ಲದಿದ್ದಲ್ಲಿ, ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದಂಶವನ್ನು ಸೆರೆಯಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹನು. ಹಾಗೆಂದು ಕೋರ್ಟಿಗೆ ಬರೆಯುವ ಕರ್ತವ್ಯವು ಸೆರೆಮನೆಯ ಅಧೀಕ್ಷಕನದು. ಹಕ್ಕನ್ನು ಹೀಗೆ ಬರೆಯಬೇಕು. ಇಲ್ಲಿ ಕೊಡಬೇಕಾದವನಾರು, ಯಾವಾಗ ಕೊಡಬೇಕು ಎಂಬುದು ಸ್ಪಷ್ಟವಾಗಿದೆ. ಆದರೆ ಅಧೀಕ್ಷಕನ ಮೇಜಿನ ಮೇಲಿನ ಪಟ್ಟಿಯಲ್ಲಿ ತಾರೀಖುಗಳನ್ನು ಎಣಿಸುವ ಗುಮಾಸ್ತನು ಒಂದು ತಿಂಗಳು ಆಲಸ್ಯ ಮಾಡಿದರೆ ಒಬ್ಬ ಮನುಷ್ಯನ ಬಾಳಿನಲ್ಲಿ ಒಂದು ತಿಂಗಳು ಕಳೆದುಹೋಗುತ್ತದೆಂಬುದನ್ನು ಯಾವ ಸಂಹಿತೆಯೂ ಅವನಿಗೆ ಕಲಿಸಲಾರದು.

ಹಕ್ಕುಗಳ ಮಾತು ಪಾಶ್ಚಾತ್ಯರದು, ನಮ್ಮದು ಕರ್ತವ್ಯದ ಪರಂಪರೆ ಎಂದು ಹೇಳುವ ಸಜ್ಜನರಿದ್ದಾರೆ. ಅವರು ಗಾಂಧೀಜಿಯವರನ್ನು ಉದಾಹರಿಸುತ್ತಾರೆ. ೧೯೪೭ರಲ್ಲಿ ಯುನೆಸ್ಕೋದ ಜೂಲಿಯನ್ ಹಕ್ಸ್ಲಿಯವರು ಅಭಿಪ್ರಾಯ ಕೇಳಿದಾಗ, ಚೆನ್ನಾಗಿ ನಿರ್ವಹಿಸಿದ ಕರ್ತವ್ಯದಿಂದಲೇ ಹಕ್ಕು ಹುಟ್ಟುತ್ತದೆಂಬುದನ್ನು ಓದುಬರಹವಿಲ್ಲದ ತಮ್ಮ ತಾಯಿಯಿಂದ ಕಲಿತೆನೆಂದು ಗಾಂಧೀಜಿಯವರು ಬರೆದುದು ನಿಜ. ಆದರೆ ಕರ್ತವ್ಯವು ಯಾರದು ಎಂಬುದನ್ನು ಮೊದಲು ನಿರ್ಣಯಿಸೋಣ. ಜೀವಮಾನವಿಡೀ ಆಳುವವರ ಅನ್ಯಾಯವನ್ನು ಎದುರಿಸಿದ ಆ ಮಹಾತ್ಮರು, ಬಲಹೀನನು ಮೊದಲು ಕರ್ತವ್ಯ ಮಾಡಿ ತೋರಿಸಲಿ, ಅನಂತರ ಅವನಿಗೆ ಹಕ್ಕು ಕೊಡೋಣವೆಂಬ ಅರ್ಥದಲ್ಲಿ ಅದನ್ನು ಬರೆದಿರಲಾರರು. ಪ್ರಜೆಯ ಪ್ರತಿಯೊಂದು ಹಕ್ಕೂ ಯಾವನೋ ಒಬ್ಬ ಅಧಿಕಾರಿಯ ಕರ್ತವ್ಯವಾಗಿದೆ. ಆ ಕರ್ತವ್ಯವು ನೆರವೇರಿದಲ್ಲಿ ಈ ಹಕ್ಕು ತಾನಾಗಿ ಸಿದ್ಧಿಸುತ್ತದೆ. ಪ್ರಜೆಗಳ ಮೂಲಭೂತ ಕರ್ತವ್ಯಗಳ ಪಟ್ಟಿಯು ನಮ್ಮ ಘಟನೆಗೆ ಸೇರಿದುದು ೧೯೭೬ರಲ್ಲಿ, ಹಕ್ಕುಗಳ ಬಾಗಿಲು ಮುಚ್ಚಿದ್ದ ಅದೇ ವರ್ಷದಲ್ಲಿ, ಎಂಬುದನ್ನೂ ಮರೆಯಬಾರದು. ಪಟ್ಟಿಯಲ್ಲಿ ದೋಷವಿದೆಯೆಂದಲ್ಲ, ಹಕ್ಕಿಗೆ ಬದಲಾಗಿ ಕರ್ತವ್ಯವನ್ನು ತೋರಿಸುವ ಆಡಳಿತವನ್ನು ಸಂಶಯದಿಂದ ನೋಡಬೇಕೆಂಬುದಷ್ಟೇ ಅದರ ಪಾಠ. ಪಾಶ್ಚಾತ್ಯರದೆಂಬ ಮಾತಿಗೂ ಆಧಾರವಿಲ್ಲ. ೧೯೪೮ರ ಪತ್ರವನ್ನು ರೂಪಿಸಿದವರಲ್ಲಿ ಅಮೇರಿಕೆಯ ಎಲಿನರ್ ರೂಸ್‌ವೆಲ್ಟ್, ಫ್ರಾನ್ಸಿನ ರನೆ ಕಸ್ಸಾಂ ಅವರೊಡನೆ ಚೀನದ ಪಿ. ಸಿ. ಚಾಂಗ್, ಲೆಬನಾನಿನ ಚಾರ್ಲ್ಸ್ ಮಲಿಕ್, ಭಾರತದ ಹಂಸಾ ಮೆಹತಾ ಇವರೂ ಇದ್ದರು. ಮಹಾಡದ ಕೆರೆಯ ದಂಡೆಯಲ್ಲಿ ನಿಂತವರಾದರೂ ಯಾವ ಪಶ್ಚಿಮ ದೇಶದವರು?

ಮುಂದೇನು? ಘೋಷಣೆಗಳ ಕಾಲವು ಮುಗಿದಿಲ್ಲ. ೨೦೨೨ರ ಜುಲೈ ೨೮ರಂದು ಮಹಾಸಭೆಯು ಶುಭ್ರವೂ ಆರೋಗ್ಯಕರವೂ ಆದ ಪರಿಸರವು ಮಾನವ ಹಕ್ಕೆಂದು ೧೬೧ ಮತಗಳಿಂದ ಸಾರಿತು. ಯಂತ್ರಬುದ್ಧಿಯ, ಎಂದರೆ ಕೃತಕ ಬುದ್ಧಿಮತ್ತೆಯ, ನೀತಿಯ ಬಗ್ಗೆ ಯುನೆಸ್ಕೋ ೨೦೨೧ರಲ್ಲಿ ಶಿಫಾರಸನ್ನು ಅಂಗೀಕರಿಸಿತು. ಖಾಸಗಿತನವು ಹಕ್ಕೆಂದು ೨೦೧೭ರಲ್ಲಿ ನಮ್ಮ ನ್ಯಾಯಸ್ಥಾನವು ಹೇಳಿದ ತರುವಾಯ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ೨೦೨೩ರಲ್ಲಿ ಕಾಯಿದೆಯಾಯಿತು. ಮನುಷ್ಯನಿಗೆ ಪಡಿತರವೋ ಪಿಂಚಣಿಯೋ ಸಾಲವೋ ಸಿಕ್ಕಬೇಕೆ ಬೇಡವೆ ಎಂಬುದನ್ನು ಯಂತ್ರವೇ ನಿರ್ಣಯಿಸುವ ಕಾಲದಲ್ಲಿ, ಆ ನಿರ್ಣಯದ ಕಾರಣವನ್ನು ಕೇಳುವ ಹಕ್ಕು ಬೇಡವೆನ್ನುವವನು ಯಾರು? ಇವೆಲ್ಲವೂ ಬೇಕು. ಆದರೆ ಹುಂಡಿಗಳನ್ನು ಹೆಚ್ಚು ಹೆಚ್ಚು ಬರೆದು ತಿಜೋರಿಯನ್ನು ಬರಿದಾಗಿಟ್ಟರೆ ಹುಂಡಿಯ ಮೇಲಿನ ನಂಬಿಕೆಯೇ ಕೆಡುತ್ತದೆ. ತಾಯ್ನಾಡಿನಲ್ಲಿಯೋ ಪರನಾಡಿನಲ್ಲಿಯೋ ನೆಲೆ ಕಳೆದುಕೊಂಡು ಅಲೆಯುವವರ ಸಂಖ್ಯೆಯು ಈಚಿನ ವರ್ಷಗಳಲ್ಲಿ ೧೧ ಕೋಟಿಯನ್ನು ಮೀರಿರುವಾಗ, ಪ್ರತಿಯೊಬ್ಬನಿಗೂ ರಾಷ್ಟ್ರೀಯತೆಯ ಹಕ್ಕಿದೆಯೆಂಬ ೧೫ನೆಯ ವಿಧಿಯನ್ನು ಆ ಜನರಲ್ಲಿ ನೆಲೆಯೇ ಇಲ್ಲದವರ ಮುಂದೆ ಓದಲು ನಾಲಗೆ ಏಳುವುದಿಲ್ಲ.

ಆದುದರಿಂದ ಇನ್ನು ಮುಂದೆ ಬರುವ ಪ್ರತಿಯೊಂದು ಘೋಷಣೆಗೂ ನಾಲ್ಕು ಪ್ರಶ್ನೆಗಳನ್ನು ಹಾಕಬೇಕೆಂಬುದು ನಮ್ಮ ಸೂಚನೆ. ಇದನ್ನು ಕೊಡಬೇಕಾದವನಾರು? ಯಾವ ಕಚೇರಿಯಲ್ಲಿ ಕೇಳಬೇಕು? ಎಷ್ಟು ದಿನದೊಳಗೆ ದೊರೆಯಬೇಕು? ದೊರೆಯದಿದ್ದರೆ ತಪ್ಪಿದವನಿಗೆ ಏನಾಗುತ್ತದೆ? ಇದು ಆಗದ ಮಾತಲ್ಲ. ನಮ್ಮ ಕರ್ನಾಟಕವೇ ೨೦೧೧ರಲ್ಲಿ ಮಾಡಿದ, ಸಕಾಲವೆಂಬ ಹೆಸರಿನಿಂದ ೨೦೧೨ರಲ್ಲಿ ಜಾರಿಗೆ ಬಂದ ಕಾಯಿದೆಯಲ್ಲಿ ನಾಲ್ಕಕ್ಕೂ ಉತ್ತರವಿತ್ತು: ಸೇವೆಗೆ ಹೊಣೆಯಾದ ಅಧಿಕಾರಿಯನ್ನು ಹೆಸರಿಸಿ, ದಿನಗಳ ಗಡುವನ್ನು ಗೊತ್ತು ಮಾಡಿ, ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಐನೂರು ರೂಪಾಯಿಯವರೆಗೆ ಅರ್ಜಿದಾರನಿಗೆ ಆ ಅಧಿಕಾರಿಯಿಂದಲೇ ಕೊಡಿಸುವ ಏರ್ಪಾಡು ಅದರಲ್ಲಿತ್ತು. ಇಪ್ಪತ್ತು ರೂಪಾಯಿ ಅಲ್ಪವೆಂದು ನಗಬೇಡಿರಿ. ಉದಾತ್ತವಾದ ಮೂವತ್ತು ವಿಧಿಗಳಲ್ಲಿ ಇಲ್ಲದ ಹಲ್ಲು ಆ ಇಪ್ಪತ್ತು ರೂಪಾಯಿಯಲ್ಲಿದೆ.

ಇದೇ ಒರೆಗಲ್ಲಿನಿಂದ ನೋಡಿದರೆ ನಮ್ಮ ಸರಕಾರಗಳು ಮಾಡಬೇಕಾದ ಕೆಲಸಗಳು ತಾವಾಗಿಯೇ ಗೋಚರಿಸುತ್ತವೆ. ಚಿತ್ರಹಿಂಸೆಯ ವಿರುದ್ಧದ ಅಂತರರಾಷ್ಟ್ರೀಯ ಕರಾರಿಗೆ ಭಾರತವು ೧೯೯೭ರಲ್ಲಿ ಸಹಿ ಹಾಕಿತು, ಇಂದಿಗೂ ಅನುಮೋದಿಸಿಲ್ಲ. ಅದಕ್ಕಾಗಿ ೨೦೧೦ರಲ್ಲಿ ಲೋಕಸಭೆಯು ಒಪ್ಪಿದ ಮಸೂದೆಯು ಕಾಯಿದೆಯಾಗದೆ ಬಿದ್ದುಹೋಯಿತು. ೨೦೧೭ರಲ್ಲಿ ಕಾಯಿದೆ ಆಯೋಗವು ಮತ್ತೆ ಶಿಫಾರಸು ಮಾಡಿತು. ಠಾಣೆಯಲ್ಲಿ ಬಂಧಿತನನ್ನು ಹೇಗೆ ನಡೆಸಿಕೊಳ್ಳಬೇಕು, ಅವನ ಬಂಧುಗಳಿಗೆ ಹೇಗೆ ತಿಳಿಸಬೇಕು, ೪೮ ಗಂಟೆಗಳಿಗೊಮ್ಮೆ ವೈದ್ಯರಿಂದ ಹೇಗೆ ಪರೀಕ್ಷೆ ಮಾಡಿಸಬೇಕು ಎಂದು ಡಿ. ಕೆ. ಬಸು ಮೊಕದ್ದಮೆಯಲ್ಲಿ ೧೯೯೬ರಲ್ಲಿಯೇ ಸುಪ್ರೀಂ ಕೋರ್ಟು ನಿಯಮಿಸಿದೆ. ಅದನ್ನು ಮೀರಿದವನಿಗೆ ಪ್ರತ್ಯೇಕವಾದ ಶಿಕ್ಷೆಯ ಕಾಯಿದೆ ಬೇಕು. ೧೯೯೩ರ ಕಾಯಿದೆಯಂತೆ ಹುಟ್ಟಿದ ಮಾನವ ಹಕ್ಕುಗಳ ಆಯೋಗಗಳಿಗೆ ವಿಚಾರಿಸುವ ಅಧಿಕಾರವಿದೆ, ಆಜ್ಞಾಪಿಸುವ ಅಧಿಕಾರವಿಲ್ಲ. ಶಿಫಾರಸನ್ನು ಒಪ್ಪದ ಸರಕಾರವು ಗೊತ್ತಾದ ಅವಧಿಯೊಳಗೆ ಕಾರಣವನ್ನು ಶಾಸನಸಭೆಯ ಮುಂದಿಡುವಂತೆಯಾದರೂ ಮಾಡಬೇಕು. ಇವು ದೊಡ್ಡ ಖರ್ಚಿನ ಬಾಬುಗಳಲ್ಲ, ಇಚ್ಛೆಯ ಬಾಬುಗಳು. ಇಚ್ಛೆಯಿಲ್ಲದ ಘೋಷಣೆ ನಿರರ್ಥಕವೆಂದು ಸೈಮನ್ ಕಮಿಷನ್ನು ನಮಗೆ ಹೇಳಿತ್ತು. ಅಂದು ಆ ಮಾತು ಪರರ ಆಡಳಿತದ ನೆಪವಾಗಿತ್ತು. ಇಂದು ನಮ್ಮದೇ ಆಡಳಿತದಲ್ಲಿ ಅದು ನಿಜವಾಗಿ ಪರಿಣಮಿಸಿದರೆ ಅಪಕೀರ್ತಿ ಯಾರಿಗೆ?

ನಮ್ಮ ವಾಚಕರಲ್ಲಿ ಅನೇಕರು ಅಧಿಕಾರಸ್ಥರು. ಉಳಿದವರು ಓದುಬರಹ ಬಲ್ಲ ನಾಗರಿಕರು. ಇಬ್ಬರಿಗೂ ನಮ್ಮ ವಿನಂತಿಯು ಒಂದೊಂದಿದೆ. ಅಧಿಕಾರಿಗಳು ಮಾನವ ಹಕ್ಕುಗಳ ದಿನದಂದು ಪ್ರತಿಜ್ಞೆ ಓದುವುದಕ್ಕೆ ಮುಂಚೆ ತಮ್ಮ ಮೇಜಿನ ಮೇಲೆ ಗಡುವು ಮೀರಿ ಬಿದ್ದಿರುವ ಅರ್ಜಿಗಳನ್ನು ಒಮ್ಮೆ ಎಣಿಸಲಿ. ಅವುಗಳಲ್ಲಿ ಪ್ರತಿಯೊಂದರಲ್ಲಿಯೂ ಪ್ಯಾರಿಸ್ ಘೋಷಣೆಯ ಒಂದಲ್ಲ ಒಂದು ವಿಧಿ ಅಡಗಿದೆ. ನಾಗರಿಕರು ತಮ್ಮ ನೆರೆಯಲ್ಲಿ ಅರ್ಜಿ ಬರೆಯಲು ತಿಳಿಯದ ಒಬ್ಬನ ಪರವಾಗಿ ವರ್ಷಕ್ಕೆ ಒಂದಾದರೂ ಅರ್ಜಿ ಬರೆದು, ಉತ್ತರ ಬರುವವರೆಗೆ ಬೆನ್ನು ಹತ್ತಲಿ. ರನ್ನಿಮೀಡಿನಿಂದ ಮಹಾಡದವರೆಗಿನ ಏಳು ಶತಮಾನಗಳ ಚರಿತ್ರೆಯಲ್ಲಿ ಕೇಳದವನಿಗೆ ದೊರೆತ ಹಕ್ಕು ಒಂದೂ ಇಲ್ಲ. ಕೇಳುವವನ ಧ್ವನಿಯು ಅಡಗದಿರಲಿ; ಕೊಡಬೇಕಾದವನ ಬಾಗಿಲು ಮುಚ್ಚದಿರಲಿ. ಅಷ್ಟಾದರೆ ೧೯೪೮ರಲ್ಲಿ ಕೊಟ್ಟ ಮಾತು ಉಳಿಯುತ್ತದೆ.